ತೂಕದ ಚೀಟಿ: ಗೇರುಬೀಜ ಕಾರ್ಖಾನೆಯ ಒಂದು ಪ್ರಕರಣ

ಮೊದಲ ಸಲ ಬಂದಾಗ ಅವಳು ಕಿರುಕುಳದ ಮಾತೇ ಎತ್ತಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಹನ್ನೊಂದು ತೂಕದ ಚೀಟಿಗಳನ್ನು ನಮ್ಮ ಜಗಲಿಯ ಮೇಲೆ ಸಾಲಾಗಿ ಹರಡಿದಳು. "ಅಕ್ಕೋರೆ, ಇದರ ಲೆಕ್ಕ ಒಮ್ಮೆ ನೋಡಿ ಕೊಡ್ತೀರಾ? ಎಲ್ಲೋ ತಪ್ತಾ ಇದೆ ಅನಿಸ್ತದೆ" ಎಂದಳು. ಕೂಡಿಸಿ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೊದಲ ಚೀಟಿಯಿಂದ ಕೊನೆಯದಕ್ಕೆ ಬರುವಾಗ ಒಂದು ಅಂಕಿ ಏರುತ್ತಲೇ ಹೋಗಿತ್ತು: ತುಂಡು ಎಂದು ಕಳೆದ ತೂಕ.

ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಉತ್ತರ ಕನ್ನಡದಲ್ಲಿ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ. ಕುಮಟಾ ಮತ್ತು ಹೊನ್ನಾವರದ ನಡುವೆ ಇರುವ ಒಂದು ಗೇರುಬೀಜ ಕಾರ್ಖಾನೆಗೆ ನಾನು ಎರಡು ವರ್ಷದಿಂದ ಗೋಪ್ಯ ಸಲಹೆಗಾರ್ತಿ. ಅಲ್ಲಿನ ಹೆಂಗಸರು ಅದನ್ನು ಸುಲಭ ಮಾಡಿಕೊಂಡು 'ಗುಟ್ಟಿನ ಅಕ್ಕೋರು' ಅನ್ನುತ್ತಾರೆ. ಕಾರ್ಖಾನೆ ಯಾವುದೆಂದು ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಅವಳ ಒಪ್ಪಿಗೆ ಕೇಳಿಯೇ ಬರೆದೆ. ಬರೆದದ್ದನ್ನು ಓದಿ ಹೇಳಿದಾಗ ಎರಡು ಕಡೆ ತೆಗೆಸಿದಳು, ತೆಗೆದಿದ್ದೇನೆ. ಅವಳನ್ನು ಇಲ್ಲಿ ತಂಗಿ ಎಂದೇ ಕರೆಯುತ್ತೇನೆ.

ಈ ಹುದ್ದೆ ನಮ್ಮ ಕಡೆಯದಲ್ಲ. ಬೆಲ್ಜಿಯಂನಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಪ್ರತಿ ಸಂಸ್ಥೆಯಲ್ಲೂ ಇಂಥ ಒಬ್ಬರು ಇರಲೇಬೇಕು ಎಂದು 2023ರ ಡಿಸೆಂಬರ್ 1ರಿಂದ ಕಾನೂನಾಗಿದೆ. ಅವರ ಕೆಲಸ ಕೇಳುವುದು, ದಾರಿಗಳನ್ನು ತಿಳಿಸುವುದು, ಬಂದವರು ಒಪ್ಪಿದರೆ ಮಾತ್ರ ಮುಂದೆ ಮಾತಾಡುವುದು. ತನಿಖೆ ಅವರದಲ್ಲ, ತೀರ್ಪೂ ಅವರದಲ್ಲ. ಇಲ್ಲಿಗೆ ಅದು ಬಂದದ್ದು ಬೀಜ ಕೊಳ್ಳುವ ಹೊರದೇಶದವರು ಕಳಿಸಿದ ಪ್ರಶ್ನೆಪಟ್ಟಿಯಿಂದ. 'ನಿಮ್ಮ ಕೆಲಸಗಾರರು ಯಾರ ಹತ್ತಿರ ಗುಟ್ಟಾಗಿ ಮಾತಾಡಬಹುದು?' ಎಂಬ ಸಾಲಿನ ಮುಂದೆ ಮ್ಯಾನೇಜರ್ ಒಂದು ಹೆಸರು ಬರೆಯಬೇಕಿತ್ತು. "ಸುಮ್ನೆ ಕಾಗದಕ್ಕೆ ಅಕ್ಕೋರೆ, ನಿಮಗೇನೂ ತೊಂದರೆ ಇಲ್ಲ" ಎಂದಿದ್ದರು.

ಮೊದಲ ನಾಲ್ಕು ತಿಂಗಳು ನಿಜಕ್ಕೂ ತೊಂದರೆ ಇರಲಿಲ್ಲ, ಯಾರೂ ಬರಲೇ ಇಲ್ಲ. ನನಗೆ ಕೊಟ್ಟದ್ದು ಆಫೀಸಿನ ಪಕ್ಕದ ಕೋಣೆ. ಅದಕ್ಕೆ ಗಾಜಿನ ಬಾಗಿಲು. ಒಳಗೆ ಯಾರು ಕೂತಿದ್ದಾರೆ ಎಂದು ಲಾರಿಗೆ ಡಬ್ಬ ತುಂಬುವವರಿಗೂ ಕಾಣುತ್ತಿತ್ತು. ಅಂಥಲ್ಲಿ ಯಾರು ಬಂದಾರು, ಅಲ್ವಾ? ಕಡೆಗೆ ಆ ಕೋಣೆ ಬಿಟ್ಟೆ. ಭಾನುವಾರ ಹೇಗೂ ಹೆಂಗಸರು ನಮ್ಮ ಮನೆಗೆ ಬರುತ್ತಿದ್ದರು. ಗೃಹಲಕ್ಷ್ಮಿಯ 2000 ರೂಪಾಯಿ ಯಾಕೆ ಬಂದಿಲ್ಲ ಎಂದು ಕೇಳಲು, ರೇಷನ್ ಕಾರ್ಡಿನ ಹೆಸರು ತಿದ್ದಿಸಲು, ಮಕ್ಕಳ ಅರ್ಜಿ ಬರೆಸಲು. ಆ ಗುಂಪಿನಲ್ಲಿ ಯಾರು ಯಾಕೆ ಬಂದರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಗುಟ್ಟು ಕಾಯುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದುಕೊಂಡಿದ್ದೆ. ಅದಕ್ಕೂ ಮೊದಲು ಬಾಗಿಲು ಯಾವ ಕಡೆಗಿದೆ ಎಂದು ನೋಡಬೇಕು.

ಈ ಪ್ರಕರಣ ತಿಳಿಯಬೇಕಾದರೆ ಪೀಲಿಂಗ್ ಕೆಲಸ ಗೊತ್ತಿರಬೇಕು. ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಕಟ್ಟಿಂಗ್‌ನಲ್ಲಿ ಒಡೆದು, ಬೋರ್ಮಾ ಎಂಬ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸುತ್ತಾರೆ. ಆಮೇಲೆ ಅದು ಪೀಲಿಂಗ್ ಹೆಂಗಸರ ಕೈಗೆ ಬರುತ್ತದೆ. ಅವರು ಸಣ್ಣ ಚೂರಿಯಿಂದ ಒಳಗಿನ ಕೆಂಪು ಸಿಪ್ಪೆ ತೆಗೆಯುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಇಡೀ ಬೀಜಕ್ಕೆ ಒಂದು ದರ, ತುಂಡಿಗೆ ಕಡಿಮೆ ದರ. ಯಾಕೆಂದರೆ ಮಾರುಕಟ್ಟೆಯಲ್ಲಿ ಬೆಲೆ ಇರುವುದು ಇಡೀ ಬೀಜಕ್ಕೆ. ಡಬ್ಲ್ಯು 320 ಎಂಬ ದರ್ಜೆ ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ತೂಗುವುದು. ಡಬ್ಲ್ಯು 180 ಅಂದರೆ ಇನ್ನೂ ದಪ್ಪ ಬೀಜ, ಇನ್ನೂ ಜಾಸ್ತಿ ಬೆಲೆ.

ಈಗ ಒಂದು ಬೀಜ ಒಡೆದಿದೆ ಎನ್ನಿ. ಅದು ಕಟ್ಟಿಂಗ್‌ನಲ್ಲೇ ಒಡೆದು ಬಂದದ್ದೋ, ಪೀಲಿಂಗ್ ಮಾಡುವವಳ ಚೂರಿಗೆ ಸಿಕ್ಕಿ ಒಡೆದದ್ದೋ? ಕಟ್ಟಿಂಗ್‌ನಿಂದಲೇ ಬಂದದ್ದಾದರೆ ಅವಳ ಲೆಕ್ಕಕ್ಕೆ ಬರುವುದಿಲ್ಲ, ಅವಳೇ ಒಡೆದದ್ದಾದರೆ ಕಳೆಯುತ್ತಾರೆ. ಇದನ್ನು ಹೇಳುವವನು ತಕ್ಕಡಿಯ ಹತ್ತಿರ ನಿಂತವನು. ಅವನ ಕಣ್ಣಿನ ಅಳತೆಯೇ ಕೊನೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ ನಿಜ, ಆದರೆ ಅಂಕಿ ಕಾಣುವ ಮುಖ ಅವನ ಕಡೆಗಿತ್ತು.

ತಂಗಿ ಮೂರನೇ ಭಾನುವಾರ ಬಂದಾಗ ಫೋನ್ ತೆಗೆದು ತೋರಿಸಿದಳು. ತೂಕದವನ ಮೆಸೇಜುಗಳು. ಮೊದಮೊದಲು ಬೆಳಗಿನ ನಮಸ್ಕಾರ, ಹೂವಿನ ಚಿತ್ರ. ಆಮೇಲೆ ರಾತ್ರಿ ಹತ್ತರ ಮೇಲೆ 'ಮಲಗಿದ್ಯಾ', ಆಮೇಲೆ ಇಲ್ಲಿ ಬರೆಯಲಾಗದ್ದು. ಅವಳು ಉತ್ತರ ಕೊಡುವುದು ನಿಲ್ಲಿಸಿದಳು. ಅದೇ ವಾರದಿಂದ ಚೀಟಿಯಲ್ಲಿ ತುಂಡಿನ ಅಂಕಿ ಏರತೊಡಗಿತು. ಒಂದು ದಿನ ತಕ್ಕಡಿಯ ಹತ್ತಿರ ಮೆಲ್ಲಗೆ ಹೇಳಿದನಂತೆ, "ಫೋನ್ ಎತ್ತಿದರೆ ತುಂಡೂ ಕಡಿಮೆ ಆಗ್ತದೆ."

ಈ ಒಂದು ಮಾತು ಸಾಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮೈ ಮುಟ್ಟುವುದನ್ನಷ್ಟೇ ಹೇಳುವುದಿಲ್ಲ. ಮಾತು, ಸನ್ನೆ, ಮೆಸೇಜು ಯಾವುದರಲ್ಲಾದರೂ ಕೆಟ್ಟ ಆಸೆ ತೋರಿಸಿ, ಒಪ್ಪಿದರೆ ಕೆಲಸದಲ್ಲಿ ಅನುಕೂಲ ಎಂದು ಆಸೆ ಹುಟ್ಟಿಸುವುದು, ಒಪ್ಪದಿದ್ದರೆ ತೊಂದರೆ ಎಂದು ಹೆದರಿಸುವುದು, ಎರಡೂ ಅದರಲ್ಲಿ ಸ್ಪಷ್ಟವಾಗಿ ಇವೆ. ಆದರೆ ಇದನ್ನು ಅವಳಿಗೆ ಕೂಡಲೇ ಹೇಳಲಿಲ್ಲ. ಮೊದಲು ಹೇಳಿದ್ದು ಬೇರೆ. ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ. ಏನು ಮಾಡಬೇಕೆಂದು ನೀನೇ ಹೇಳಬೇಕು, ನಾನಲ್ಲ. ಯಾರದಾದರೂ ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ನಾನು ಸುಮ್ಮನಿರುವುದಿಲ್ಲ. ಇನ್ನೊಂದನ್ನೂ ಮುಚ್ಚಿಡಲಿಲ್ಲ. ಬೆಲ್ಜಿಯಂನವರಿಗೆ ಗುಟ್ಟು ಕಾಯಲು ಕಾನೂನಿನ ಬಲ ಇದೆ. ನಮ್ಮಲ್ಲಿ ಈ ಹುದ್ದೆಯ ಹೆಸರೇ ಕಾಯ್ದೆಯಲ್ಲಿ ಇಲ್ಲ. ನಾಳೆ ಕೋರ್ಟು ಸಾಕ್ಷಿಗೆ ಕರೆದರೆ ಹೇಳುವುದಿಲ್ಲ ಎನ್ನುವ ಹಕ್ಕು ನನಗಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಏನೂ ಮಾಡೂದು ಬೇಡ ಅಕ್ಕೋರೆ" ಎಂದಳು.

ಇಲ್ಲಿ ನಾನು ತಪ್ಪು ಮಾಡಿದೆ. ಈ ಬರಹ ಬರೆಯಲು ಅದೇ ಮುಖ್ಯ ಕಾರಣ.

ಏನೂ ಮಾಡದೆ ಕೂರುವುದು ನನ್ನ ಜಾಯಮಾನವಲ್ಲ. ತರಗತಿಯಲ್ಲಿ ಒಂದು ಮಗು ಅಳುತ್ತಿದ್ದರೆ ಎದ್ದು ಹೋಗಿಯೇ ಅಭ್ಯಾಸ. ಮಂಗಳವಾರ ಮ್ಯಾನೇಜರ್ ಪೇಟೆಯಲ್ಲಿ ಸಿಕ್ಕರು. "ಪೀಲಿಂಗ್ ತೂಕದ ಕಡೆ ಸ್ವಲ್ಪ ಕಣ್ಣಿಡಿ" ಎಂದೆ, ಅಷ್ಟೇ. ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದರೆ ಗುಟ್ಟು ಉಳಿಯಿತು ಎಂದೇ ನನ್ನ ಲೆಕ್ಕ. ಮ್ಯಾನೇಜರ್ ಒಳ್ಳೆಯವರು, ತೊಂದರೆಯಾದದ್ದೂ ಅದರಿಂದಲೇ. ಅದೇ ಮಧ್ಯಾಹ್ನ ತೂಕದವನನ್ನು ಎಲ್ಲರೆದುರು ನಿಲ್ಲಿಸಿ ಬೈದರು: "ಪೀಲಿಂಗ್‌ನವರು ನಿನ್ನ ಮೇಲೆ ದೂರು ಕೊಟ್ಟಿದ್ದಾರೆ." ಪೀಲಿಂಗ್‌ನಲ್ಲಿ ಮೂವತ್ತು ಚಿಲ್ಲರೆ ಹೆಂಗಸರು. ಅವರಲ್ಲಿ ಭಾನುವಾರ ಅಕ್ಕೋರ ಮನೆಯಿಂದ ಹೊರಬಂದವರು ಎಷ್ಟು, ಇತ್ತೀಚೆಗೆ ತಕ್ಕಡಿಯ ಹತ್ತಿರ ಮುಖ ಗಂಟಿಕ್ಕಿದವರು ಎಷ್ಟು? ಸಂಜೆ ಟೆಂಪೋ ಹೊರಡುವ ಹೊತ್ತಿಗೆ ಹೆಸರು ಎಲ್ಲರ ಬಾಯಲ್ಲಿತ್ತು.

ಮರುದಿನದಿಂದ ಅವಳಿಗೆ ಸಿಕ್ಕಿದ್ದು ಒಡಕು ಬೀಜವೇ ಜಾಸ್ತಿ ಇರುವ ಬುಟ್ಟಿ. ಪಕ್ಕದಲ್ಲಿ ಕೂರುತ್ತಿದ್ದವಳು ಜಾಗ ಬದಲಿಸಿದಳು. ಮೂರು ವಾರ ಅವಳು ನಮ್ಮ ಮನೆ ಕಡೆ ಸುಳಿಯಲಿಲ್ಲ. ನಾಲ್ಕನೇ ವಾರ ಬಂದಾಗ ಒಳಗೆ ಬರದೆ ಅಂಗಳದಲ್ಲೇ ನಿಂತು, "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೂದಿಲ್ಲ ಅಂತ ನೀವೇ ಶಾಲೆಲಿ ಹೇಳಿಕೊಟ್ಟಿದ್ದಲ್ವಾ" ಎಂದಳು. ಹೌದು, ಅವಳು ನನ್ನ ವಿದ್ಯಾರ್ಥಿನಿ. ಕೈ ಮುಗಿದು ಕ್ಷಮೆ ಕೇಳಿದೆ. ಮಾತಿಗೆ ಕೇಳಿದ್ದಲ್ಲ. ನಾನು ಮ್ಯಾನೇಜರ್ ಹತ್ತಿರ ಎಲ್ಲಿ, ಯಾವಾಗ, ಏನು ಹೇಳಿದೆ ಎಂದು ಒಂದೊಂದೇ ಬಿಡಿಸಿ ಹೇಳಿದೆ. ತನ್ನ ಗುಟ್ಟು ಎಷ್ಟು ಹೊರಗೆ ಹೋಗಿದೆ ಎಂದು ತಿಳಿಯುವುದು ಅವಳ ಹಕ್ಕು.

ಅಂದಿನಿಂದ ಒಂದು ನಿಯಮ ಹಾಕಿಕೊಂಡಿದ್ದೇನೆ. ಒಬ್ಬಳೇ ಹೇಳಿದ ಮಾತನ್ನು ಹೆಸರಿಲ್ಲದೆಯೂ ಆಡಳಿತದವರಿಗೆ ಮುಟ್ಟಿಸುವುದಿಲ್ಲ. ಒಂದೇ ವಿಷಯ ಮೂರ್ನಾಲ್ಕು ಜನರಿಂದ ಬಂದು, ಅವರೆಲ್ಲರೂ ಸರಿ ಎಂದರೆ ಮಾತ್ರ 'ಇಂಥ ವಿಭಾಗದಲ್ಲಿ ಹೀಗಿದೆಯಂತೆ' ಎನ್ನುತ್ತೇನೆ. ವರ್ಷಕ್ಕೆ ಎಷ್ಟು ಜನ ಬಂದರು ಎಂದು ವರದಿ ಕೊಡಿ ಎಂದು ಮ್ಯಾನೇಜರ್ ಕೇಳುತ್ತಾರೆ. ದೊಡ್ಡ ಸಂಸ್ಥೆಯಲ್ಲಿ ಅದು ಸರಿ. ತೊಂಬತ್ತು ಜನರ ಕಾರ್ಖಾನೆಯಲ್ಲಿ 'ಬೋರ್ಮಾ ವಿಭಾಗ, ಒಬ್ಬರು' ಎಂದು ಬರೆದರೆ ಹೆಸರು ಬರೆದ ಹಾಗೆಯೇ. ಹಾಗಾಗಿ ಒಟ್ಟು ಅಂಕಿ ಮಾತ್ರ ಕೊಡುತ್ತೇನೆ.

ಅವಳು ಮತ್ತೆ ಜಗಲಿ ಹತ್ತಿದ ಮೇಲೆ ದಾರಿಗಳ ಮಾತು ಬಂತು. ಅಷ್ಟರಲ್ಲಿ ಮಳೆಗಾಲ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೂರು ಮೊಳ ದೂರದಲ್ಲಿ ಕೂತವರಿಗೂ ನಮ್ಮ ಮಾತು ಕೇಳುತ್ತಿರಲಿಲ್ಲ. ಒಳ್ಳೆಯದೇ ಆಯಿತು. ಅವಳೇ ಅವನಿಗೆ ನೇರವಾಗಿ ಹೇಳಬಹುದು, ಬೇಕಾದರೆ ನಾನು ಜೊತೆಗಿರುತ್ತೇನೆ. ಮ್ಯಾನೇಜರ್ ಮೂಲಕ ಹೇಳಿಸಬಹುದು. ಇಂಥ ದೂರು ಕೇಳಲೆಂದೇ 2013ರ ಕಾಯ್ದೆ ಹೇಳಿರುವ ಕಾರ್ಖಾನೆಯ ಆಂತರಿಕ ಸಮಿತಿಗೆ ಬರೆದು ಕೊಡಬಹುದು. ಪೊಲೀಸರ ಹತ್ತಿರವೂ ಹೋಗಬಹುದು, ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳದ್ದೇ. ಈಗಲೇ ಏನೂ ಮಾಡದೆ ಇರುವುದೂ ಒಂದು ದಾರಿ, ಆದರೆ ಅದಕ್ಕೆ ಗಡುವು ಇದೆ. ಸಮಿತಿಗೆ ದೂರು ಕೊಡಲು ಕೊನೆಯ ಘಟನೆಯಿಂದ ಮೂರು ತಿಂಗಳು. ಸರಿಯಾದ ಕಾರಣವಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು, ಆದರೆ ಕೊಡಲೇಬೇಕೆಂದಿಲ್ಲ. ಕೊನೆಯ ಮೆಸೇಜ್ ಬಂದ ದಿನ ನೋಡಿ ಎಣಿಸಿದೆವು. ಸಮಯ ಇತ್ತು.

"ಈ ಕಾಯ್ದೆ ಎಲ್ಲ ಪಟ್ಟಣದ ಆಫೀಸಿನವರಿಗೆ ಅಲ್ವಾ ಅಕ್ಕೋರೆ" ಎಂದು ಕೇಳಿದಳು. ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. ಕಾಯ್ದೆಯ ಬೇರು ಇರುವುದು ಹಳ್ಳಿಯಲ್ಲೇ ಎಂದು ಹೇಳಿದೆ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಯೋಜನೆಯೊಂದರಲ್ಲಿ ಊರೂರು ತಿರುಗುವ ಕೆಲಸದಾಕೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸದ ಕಾರಣಕ್ಕೇ ಹೀಗಾದರೆ ಹೆಣ್ಣುಮಗಳಿಗೆ ರಕ್ಷಣೆ ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 1997ರಲ್ಲಿ ಕೆಲಸದ ಕಡೆ ಕಿರುಕುಳ ತಡೆಯಲು ನಿಯಮ ಹಾಕಿಕೊಟ್ಟ ವಿಶಾಖಾ ತೀರ್ಪು ಬಂತು. 2013ರ ಕಾಯ್ದೆ ಅದರ ಮೊಮ್ಮಗಳಿದ್ದ ಹಾಗೆ. ತಂಗಿ ಕೇಳಿಸಿಕೊಂಡಳು. ಹುರುಪೇನೂ ಬರಲಿಲ್ಲ. "ಅವಳಿಗೆ ನ್ಯಾಯ ಸಿಕ್ಕಿತಾ?" ಎಂದು ಕೇಳಿದಳು. ಕೆಳಗಿನ ಕೋರ್ಟು ಆರೋಪಿಗಳನ್ನು ಆ ಅಪರಾಧದಿಂದ ಬಿಟ್ಟಿತು ಎಂದು ನಿಜವನ್ನೇ ಹೇಳಬೇಕಾಯಿತು.

ಅವಳಿಗೆ ಬೇಕಿದ್ದದ್ದು ಎರಡೇ. ತುಂಡಿನ ಮೋಸ ನಿಲ್ಲಬೇಕು, ಫೋನ್ ನಿಲ್ಲಬೇಕು. ಅವನ ಕೆಲಸ ಹೋಗಬಾರದು, ಯಾಕೆಂದರೆ ಅವನ ಹೆಂಡತಿ ಇವಳ ಅತ್ತೆಯ ಊರಿನವಳು. 'ನಾವೆಲ್ಲ ಒಂದೇ ಮನೆಯವರ ಹಾಗೆ' ಎಂದು ಮಾಲೀಕರು ಪ್ರತಿ ಆಯುಧಪೂಜೆಗೂ ಹೇಳುತ್ತಾರೆ. ನನಗೆ ಆ ಮಾತು ಕೇಳಿದರೆ ಈಗ ಸ್ವಲ್ಪ ಅಳುಕು. ಮನೆಯ ಮಾತು ಹೊರಗೆ ಹೋಗಬಾರದು ಎನ್ನುವುದೂ ಅದೇ ಗಾದೆಯ ಇನ್ನೊಂದು ತುದಿ.

ತುಂಡಿನ ವಿಷಯ ಮೊದಲು ಹಿಡಿದೆವು, ಅದು ಎಲ್ಲರದೂ ಆಗಿತ್ತು. ಅವಳೇ ನಂಬಿಕೆಯವರಿಬ್ಬರ ಹತ್ತಿರ ಮಾತಾಡಿದಳು. ಅವರು ಇನ್ನಿಬ್ಬರಿಗೆ ಹೇಳಿದರು. ಎರಡು ಭಾನುವಾರದಲ್ಲಿ ಹದಿನಾಲ್ಕು ಜನರ ಚೀಟಿಗಳು ನಮ್ಮ ಜಗಲಿಗೆ ಬಂದವು. ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಯಾರೂ ವಿವರಿಸಬೇಕಾಗಲಿಲ್ಲ. ಅವನೊಡನೆ ನಗುತ್ತಾ ಮಾತಾಡುವ ಕೆಲವರಿಗೆ ತುಂಡು ಎಂಬುದೇ ಇಲ್ಲ, ಮಾತಾಡದವರಿಗೆ ಧಾರಾಳ. ಹದಿನಾಲ್ಕೂ ಜನ ಒಪ್ಪಿದ ಮೇಲೆ, ಹೆಸರಿಲ್ಲದ ಪಟ್ಟಿ ಮಾಡಿ ಮ್ಯಾನೇಜರ್‌ಗೆ ಕೊಟ್ಟೆ. ಈ ಸಲ 'ಬೈಯಬೇಡಿ, ತಕ್ಕಡಿ ತಿರುಗಿಸಿ' ಎಂದೆ. ತಕ್ಕಡಿಯ ಮುಖ ಹೆಂಗಸರ ಕಡೆಗೆ ತಿರುಗಿತು. ಪೀಲಿಂಗ್‌ಗೆ ಕೊಡುವ ಮೊದಲೇ ಒಡಕು ಬೀಜ ಆರಿಸಿ ಬೇರೆ ತೂಗುವುದು ಶುರುವಾಯಿತು. ಚೀಟಿಗೆ ಇಬ್ಬರ ಸಹಿ. ಇದಕ್ಕೆ ಆದ ಖರ್ಚು ಒಂದು ಇಂಕ್ ಪೆನ್ನಿನಷ್ಟು.

ಫೋನ್ ಮಾತ್ರ ನಿಲ್ಲಲಿಲ್ಲ. ಬೇರೆ ನಂಬರಿನಿಂದ ಬರತೊಡಗಿತು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಕರೆ ಬಂದ ತಾರೀಖಿನ ಚೌಕಕ್ಕೆ ಚುಕ್ಕಿ ಇಡುತ್ತಿದ್ದಳು. ಹಾಲಿನ ಲೆಕ್ಕವೋ ಏನೋ ಎಂದು ಮನೆಯವರು ಅಂದುಕೊಂಡಿದ್ದರು. ಒಂದು ದಿನ ತಾನೇ ಬಂದು, "ಬರೆಯುವಾ ಅಕ್ಕೋರೆ" ಎಂದಳು. ದೂರು ಅವಳ ಅಕ್ಷರದಲ್ಲೇ ಬರೆದದ್ದು. ಕಾಗುಣಿತ ತಿದ್ದಲು ನನ್ನ ಕೈ ತುರಿಸುತ್ತಿತ್ತು, ತಿದ್ದಲಿಲ್ಲ. ಸಾಬೀತಾಗದಿದ್ದರೆ ನನಗೇ ಶಿಕ್ಷೆ ಆಗ್ತದಾ ಎಂಬ ಹೆದರಿಕೆ ಅವಳಿಗಿತ್ತು. ಸಾಬೀತಾಗದ ದೂರು ಸುಳ್ಳು ದೂರಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಬೇಕೆಂದೇ ಕೆಟ್ಟ ಉದ್ದೇಶದಿಂದ ಕೊಟ್ಟದ್ದೆಂದು ವಿಚಾರಣೆಯಲ್ಲಿ ತೀರ್ಮಾನವಾದರೆ ಮಾತ್ರ ಕ್ರಮ.

ಸಮಿತಿಯ ಹತ್ತಿರ ಹೋದಾಗ ಇನ್ನೊಂದು ಗೋಡೆ ಎದುರಾಯಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲೆಲ್ಲ ಈ ಸಮಿತಿ ಇರಬೇಕು. ಆಫೀಸಿನ ಗೋಡೆಯ ಮೇಲೆ ಪಟ್ಟಿಯೇನೋ ಇತ್ತು. ಅಧ್ಯಕ್ಷೆ ಮಾಲೀಕರ ಸೊಸೆ, ಕಾರ್ಖಾನೆಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಹೊರಗಿನ ಸದಸ್ಯರೇ ಇಲ್ಲ. ಅಧ್ಯಕ್ಷೆ ಅಲ್ಲೇ ಹಿರಿಯ ಹುದ್ದೆಯಲ್ಲಿ ಕೆಲಸ ಮಾಡುವ ಮಹಿಳೆ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸಂಸ್ಥೆಯ ಒಬ್ಬರು ಇರಲೇಬೇಕು. ಸಮಿತಿ ಸರಿಯಾಗಿ ರಚಿಸದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಈ ಅಂಕಿ ಕೇಳಿದ ಮೇಲೆ ಕೆಲಸ ಬೇಗ ಆಯಿತು ಎನ್ನದೆ ವಿಧಿಯಿಲ್ಲ. ಲೆಕ್ಕಪತ್ರದ ಹಿರಿಯ ಮಹಿಳೆ ಅಧ್ಯಕ್ಷೆಯಾದರು. ಪೇಟೆಯ ಮಹಿಳಾ ಸಂಸ್ಥೆಯೊಂದರಿಂದ ಒಬ್ಬರು ಬಂದರು. "ನೀವೇ ಹೊರಗಿನ ಸದಸ್ಯೆ ಆಗಿ ಅಕ್ಕೋರೆ" ಎಂದು ಮಾಲೀಕರು ಕೇಳಿದರು. ಬೇಡ ಎಂದೆ. ಗುಟ್ಟು ಕೇಳಿಸಿಕೊಂಡವರೇ ತೀರ್ಪಿನ ಕುರ್ಚಿಯಲ್ಲಿ ಕೂತರೆ ನಾಳೆ ಯಾರು ಗುಟ್ಟು ಹೇಳುತ್ತಾರೆ? ಕಾರವಾರದ ಜಿಲ್ಲಾ ಸ್ಥಳೀಯ ಸಮಿತಿಯ ಮಾತೂ ಬಂತು. ಅದು ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಗೆ, ಇಲ್ಲವೇ ಮಾಲೀಕರ ಮೇಲೆಯೇ ದೂರಿದ್ದರೆ. ಹೋಗಿಬರಲು ಒಂದು ದಿನದ ಕೂಲಿ ಬೇರೆ ಹೋಗುತ್ತದೆ.

ನಡುವೆ ಒಂದು ಭಾನುವಾರ ತೂಕದವನೇ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಹಲಸಿನ ಹಣ್ಣು. ಅವನೂ ನನ್ನ ವಿದ್ಯಾರ್ಥಿ. ಈ ಕರಾವಳಿಯಲ್ಲಿ ಅದೊಂದು ಕಷ್ಟ. "ನಿಮ್ಮ ಹತ್ತಿರ ಯಾರು ಬೇಕಾದರೂ ಗುಟ್ಟಾಗಿ ಹೇಳಬಹುದಂತಲ್ಲಾ" ಎಂದ. ಅವನು ಹೇಳಿದ್ದು ತಪ್ಪಲ್ಲ. ದೂರು ಎದುರಿಸುವವನಿಗೂ ಕೇಳಿಸಿಕೊಳ್ಳುವವರು ಬೇಕು. ಆದರೆ ಒಂದೇ ಪ್ರಕರಣದಲ್ಲಿ ಇಬ್ಬರ ಗುಟ್ಟೂ ಒಂದೇ ಕಿವಿಗೆ ಹೋಗಬಾರದು. ಅಂಗಳದಲ್ಲೇ ನಿಲ್ಲಿಸಿ ಹೇಳಿದೆ. ಹಣ್ಣು ವಾಪಸು ಕಳಿಸಿದೆ. ತಾಲ್ಲೂಕಿನಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಕಾನೂನು ಸೇವಾ ಸಮಿತಿ ಇದೆ, ಅಲ್ಲಿಗೆ ಹೋಗು ಎಂದೆ. ಅವನು ಹೋದನೋ ಇಲ್ಲವೋ ಕೇಳಲಿಲ್ಲ. ರಾತ್ರಿ ಊಟ ಸೇರಲಿಲ್ಲ ನನಗೆ.

ತಂಗಿ ಕೇಳಿದ್ದು ರಾಜಿ. ವಿಚಾರಣೆ ಶುರುವಾಗುವ ಮೊದಲು, ದೂರು ಕೊಟ್ಟವಳೇ ಕೇಳಿದರೆ ಮಾತ್ರ ಸಮಿತಿ ರಾಜಿಗೆ ಪ್ರಯತ್ನಿಸಬಹುದು. ಹಣ ಕೊಟ್ಟು ಮುಗಿಸುವ ಹಾಗಿಲ್ಲ. ಆ ದಿನ ನಾನು ಅವಳ ಪಕ್ಕದಲ್ಲಿ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ಅವಳು ಕ್ಯಾಲೆಂಡರಿನ ಹಾಳೆ ಹರಿದು ತಂದಿದ್ದಳು. ಅವನು ಮೊದಲು ತಮಾಷೆಗೆ ಎಂದ, ಆಮೇಲೆ ಹಾಳೆ ನೋಡುತ್ತಾ ಸುಮ್ಮನಾದ. ಮೆಸೇಜ್ ಕಳಿಸಿದ್ದು ಹೌದು ಎಂದು ಬರೆದುಕೊಟ್ಟ. ತೂಕದಿಂದ ಅವನನ್ನು ಗೋದಾಮಿಗೆ ಹಾಕಿದರು. ಯಾವ ನಂಬರಿನಿಂದಲೂ ಸಂಪರ್ಕ ಮಾಡಬಾರದು. ಇದು ಮುರಿದರೆ ಸಮಿತಿ ನೇರ ವಿಚಾರಣೆಗೆ ಹೋಗುತ್ತದೆ. ಒಪ್ಪಂದದ ಪ್ರತಿ ಇಬ್ಬರಿಗೂ ಸಿಕ್ಕಿತು. ಅವಳು ಅದನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾಳೆ.

ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ತುಂಡಿಲ್ಲದೆ ಚೀಟಿ ಪಡೆಯುತ್ತಿದ್ದ ಇಬ್ಬರು ಇವತ್ತಿಗೂ ಅವಳನ್ನು ಮಾತಾಡಿಸುವುದಿಲ್ಲ. ಇನ್ನು ಟೆಂಪೋ. ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಗೋದಾಮಿಗೆ ಹೋದವನೂ ಪೀಲಿಂಗ್‌ನವಳೂ ಬೆಳಿಗ್ಗೆ ಸಂಜೆ ಕಾರ್ಖಾನೆಯ ಅದೇ ಟೆಂಪೋದಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕಿತ್ತು. ಮಾಲೀಕರು ಒದಗಿಸುವ ವಾಹನವೂ ಕಾಯ್ದೆಯ ಲೆಕ್ಕದಲ್ಲಿ ಕೆಲಸದ ಸ್ಥಳವೇ. ಅವಳು ಹೂಂ ಎಂದ ಮೇಲೆ ಸಮಿತಿಗೆ ಹೇಳಿದೆ. ಈಗ ಗೋದಾಮಿನವರಿಗೆ ಎರಡನೇ ಟ್ರಿಪ್. ಅವರು ಅರ್ಧ ಗಂಟೆ ತಡವಾಗಿ ಮನೆ ಮುಟ್ಟುತ್ತಾರೆ. ಅದಕ್ಕೂ ಯಾರೋ ಅವಳನ್ನೇ ಬೈಯುತ್ತಾರಂತೆ.

ಮೊನ್ನೆ ಭಾನುವಾರ ಪೀಲಿಂಗ್‌ನ ಆ ಇಬ್ಬರಲ್ಲಿ ಒಬ್ಬಳು ರೇಷನ್ ಕಾರ್ಡ್ ಹಿಡಿದು ಬಂದಳು. ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಕೂರು ಎಂದು ಹೇಳಿ ಚಾಕ್ಕೆ ನೀರಿಟ್ಟೆ.